ಸ್ನಾಯುವಿನ ದುರಸ್ತಿ: ಇಂಧನವೇ ಸೂಚನೆಯಾದಾಗ

ಒಂಬತ್ತನೇ ತರಗತಿಯ ‘ಅಂಗಾಂಶಗಳು’ ಪಾಠದಲ್ಲಿ, ಅಸ್ಥಿಸ್ನಾಯುವಿನ ಕೋಶಗಳು ಉದ್ದವಾಗಿದ್ದು ಅನೇಕ ಕೋಶಕೇಂದ್ರಗಳನ್ನು ಹೊಂದಿರುತ್ತವೆ ಎಂದು ಹೇಳಿಕೊಡುತ್ತೇವೆ. ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, “ಕಬಡ್ಡಿ ಆಡುವಾಗ ಸ್ನಾಯುವಿಗೆ ಪೆಟ್ಟಾದರೆ ಇದೇ ಕೋಶ ಒಡೆದು ಎರಡಾಗುತ್ತಾ ಸರ್?” ಎಂದು ಕೇಳಿದಳು. ಈ ಪ್ರಶ್ನೆಯ ಉತ್ತರ ಪಾಠದ ಎರಡು ತುದಿಗಳನ್ನು ಜೋಡಿಸುತ್ತದೆ.

ಬೆಳೆದ ಸ್ನಾಯುತಂತು ವಿಭಜನೆಯಾಗುವುದಿಲ್ಲ. ದುರಸ್ತಿಯ ಕೆಲಸ ಸ್ಯಾಟಲೈಟ್ ಕೋಶಗಳದ್ದು. ಇವು ಸ್ನಾಯುವಿನ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇವನ್ನು ವಿವರಿಸಿದರು. ತಂತುವಿನ ಕೋಶಪೊರೆ ಮತ್ತು ಅದರ ಹೊರಹೊದಿಕೆಯ ನಡುವೆ ಇವು ವಿಶ್ರಾಂತಿಯಲ್ಲಿರುತ್ತವೆ. ಪೆಟ್ಟಾದಾಗ ಎಚ್ಚೆತ್ತು ವಿಭಜಿಸುತ್ತವೆ. ಹೊಸ ಕೋಶಗಳು ಒಂದರೊಡನೊಂದು ಅಥವಾ ಹಳೆಯ ತಂತುವಿನೊಡನೆ ಬೆಸೆದುಕೊಳ್ಳುತ್ತವೆ. ತಂತುವಿನಲ್ಲಿ ಅನೇಕ ಕೋಶಕೇಂದ್ರಗಳಿರುವುದು ಇಂತಹ ಬೆಸುಗೆಯಿಂದಲೇ. ಕೆಲವು ಕೋಶಗಳು ಮಾತ್ರ ಮತ್ತೆ ವಿಶ್ರಾಂತಿಗೆ ಮರಳುತ್ತವೆ. ಬೆಳೆದದ್ದನ್ನೆಲ್ಲ ಬಳಸದೆ ಬಿತ್ತನೆ ಬೀಜ ಎತ್ತಿಡುವ ರೈತನ ಉದಾಹರಣೆ ಮಕ್ಕಳಿಗೆ ಇಲ್ಲಿ ಸುಲಭವಾಗಿ ಹಿಡಿಸುತ್ತದೆ.

ಯಾವ ಕೋಶ ಯಾವ ದಾರಿ ಹಿಡಿಯಬೇಕು ಎಂಬುದರಲ್ಲಿ ಚಯಾಪಚಯಕ್ಕೂ ಪಾತ್ರವಿದೆ. ವಿಶ್ರಾಂತಿಯಲ್ಲಿರುವ ಕೋಶ ಮುಖ್ಯವಾಗಿ ಮೈಟೋಕಾಂಡ್ರಿಯಾದಲ್ಲಿ ಕೊಬ್ಬಿನಾಮ್ಲಗಳನ್ನು ಉತ್ಕರ್ಷಿಸುತ್ತದೆ. ಎಚ್ಚೆತ್ತಾಗ ಗ್ಲೈಕಾಲಿಸಿಸ್ ಹೆಚ್ಚುತ್ತದೆ. ಗ್ಲೂಕೋಸ್ ವಿಭಜನೆಯಿಂದ ಬೇಗನೆ ಎಟಿಪಿ ಸಿಗುತ್ತದೆ, ಹೊಸ ಕೋಶ ಕಟ್ಟಲು ಬೇಕಾದ ಕಚ್ಚಾವಸ್ತುವೂ ಸಿಗುತ್ತದೆ. ಸ್ನಾಯುತಂತುವಾಗಿ ಬಲಿಯುವಾಗ ಮೈಟೋಕಾಂಡ್ರಿಯಾದ ಕೆಲಸ ಮತ್ತೆ ಏರುತ್ತದೆ.

ಈ ಬದಲಾವಣೆ ಕೋಶಕೇಂದ್ರದವರೆಗೂ ತಲುಪುತ್ತದೆ. ಇಲಿಯ ಕೋಶಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗ್ಲೈಕಾಲಿಸಿಸ್‌ನತ್ತ ಹೊರಳಿದ ಕೋಶದಲ್ಲಿ ಎನ್‌ಎಡಿ ಪ್ಲಸ್ ಎಂಬ ಸಹಕಿಣ್ವದ ಪ್ರಮಾಣ ಇಳಿಯುತ್ತದೆ. ಅದನ್ನೇ ನೆಚ್ಚಿಕೊಂಡ ಸರ್ಟ್1 ಕಿಣ್ವದ ಚಟುವಟಿಕೆ ತಗ್ಗುತ್ತದೆ. ಈ ಕಿಣ್ವ ತೆಗೆಯಬೇಕಿದ್ದ ಅಸಿಟೈಲ್ ಗುಂಪುಗಳು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ ಉಳಿಯುತ್ತವೆ. ಆಗ ಸುತ್ತು ಸಡಿಲಗೊಂಡು ಸ್ನಾಯು ರಚನೆಯ ಜೀನ್‌ಗಳು ಚುರುಕಾಗುತ್ತವೆ.

ಹಾಗಾಗಿ ‘ಮೈಟೋಕಾಂಡ್ರಿಯಾ ಕೋಶದ ಶಕ್ತಿಕೇಂದ್ರ’ ಎಂಬಲ್ಲಿಗೆ ಪಾಠ ನಿಲ್ಲಬಾರದು ಎಂದು ನನಗನಿಸುತ್ತದೆ. ಕಪ್ಪುಹಲಗೆಯ ಮೇಲೆ ವಿಶ್ರಾಂತಿ, ವಿಭಜನೆ, ಬೆಸುಗೆ ಎಂದು ಮೂರು ಕಾಲಂ ಎಳೆದು, ಪ್ರತಿಯೊಂದರ ಕೆಳಗೆ ಕೋಶದ ಕೆಲಸ ಮತ್ತು ಮುಖ್ಯ ಇಂಧನಮಾರ್ಗವನ್ನು ಮಕ್ಕಳಿಂದಲೇ ತುಂಬಿಸಬಹುದು. ಒಂದು ಎಚ್ಚರಿಕೆ: “ಹಾಗಾದರೆ ಸಕ್ಕರೆ ತಿಂದರೆ ಗಾಯ ಬೇಗ ಮಾಗುತ್ತಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ತಟ್ಟೆಯಲ್ಲಿರುವ ಆಹಾರ ಬೇರೆ, ಕೋಶ ತನ್ನೊಳಗೆ ಆರಿಸಿಕೊಳ್ಳುವ ಮಾರ್ಗ ಬೇರೆ. ಈ ವ್ಯತ್ಯಾಸವನ್ನು ತಿಳಿದ ಮಗು ಜಾಹೀರಾತಿನ ಪುಡಿ ಡಬ್ಬಿಗಳನ್ನೂ ಪ್ರಶ್ನಿಸಿ ನೋಡುತ್ತದೆ.