ಕಲಿಯದೆ ಉಳಿದ ಕೈ

ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡದಲ್ಲಿ, ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಸಂತಾನಾಪೇಕ್ಷಿಗಳು ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುವುದುಂಟು. ಹೀಗೆ ಬೇಡಿ ಪಡೆದ ಕೂಸು ಎಂಟು ತಿಂಗಳಿಗೇ, ಏನು ಕೊಟ್ಟರೂ ಎಡಗೈಯನ್ನಷ್ಟೇ ಚಾಚತೊಡಗಿತೆನ್ನಿ. “ರೊಡ್ಡ ಆಗ್ತಾನ, ಬಿಡವಾ” ಎಂದು ಅಜ್ಜಿ ನಗುತ್ತಾಳೆ. ರೊಡ್ಡನೆಂದರೆ ಎಡಚ. ಎಡಚತನ ದೋಷವಲ್ಲ, ನಿಜ. ಆದರೆ ವರ್ಷ ತುಂಬುವ ಮೊದಲು ಶಿಶುಗಳು ಎರಡು ಕೈಗಳನ್ನೂ ಹೆಚ್ಚುಕಡಿಮೆ ಸಮವಾಗಿ ಬಳಸುತ್ತವೆ. ಅಷ್ಟು ಬೇಗ ಒಂದೇ ಕೈ ಮುಂದಾಗಿ, ಇನ್ನೊಂದು ಮುಷ್ಟಿ ಬಿಗಿದೇ ಉಳಿದರೆ ವೈದ್ಯರಿಗೆ ತೋರಿಸಬೇಕಾದದ್ದು ಆ ಎರಡನೆಯ ಕೈಯನ್ನು.

ಮಕ್ಕಳ ಅರ್ಧಾಂಗವಾಯುವಿಗೆ ಅನೇಕ ವೇಳೆ ಕಾರಣ, ಜನನಕ್ಕೆ ಮುಂಚೆ ಅಥವಾ ಅದರ ಆಸುಪಾಸಿನಲ್ಲಿ ಮೆದುಳಿನ ಒಂದು ಪಾರ್ಶ್ವಕ್ಕೆ ರಕ್ತಸಂಚಾರ ತಡೆದು ಆದ ಪೆಟ್ಟು. ಎಡ ಮೆದುಳಿಗೆ ಪೆಟ್ಟಾದರೆ ಬಲ ಅಂಗ ಸೋಲುತ್ತದೆ. ಮಗು ಕೈ ಚಾಚುವ ನಾಲ್ಕೈದು ತಿಂಗಳವರೆಗೆ ಏನೂ ತಿಳಿಯದಿರಬಹುದು. ಗ್ರಹಣದಲ್ಲಿ ಹೊರಗೆ ಬಂದಳೆಂದು ಸೊಸೆಯನ್ನು ದೂರುವುದು ಬರಿಯ ಅನ್ಯಾಯ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಕೋತಿಗಳಲ್ಲಿ ಒಂದು ಸಂಗತಿಯನ್ನು ಕಂಡರು. ಒಂದು ತೋಳಿನ ಸ್ಪರ್ಶಜ್ಞಾನದ ನರಗಳನ್ನು ಕತ್ತರಿಸಿದಾಗ, ಚಲಿಸುವ ಶಕ್ತಿಯಿದ್ದರೂ ಕೋತಿ ಅದನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಮತ್ತೆ ಬಳಸಿತು. ಇದರಿಂದ ಹುಟ್ಟಿದ ಚಿಕಿತ್ಸೆಯಲ್ಲಿ ಗಟ್ಟಿ ಕೈಗೆ ಚೀಲ ತೊಡಿಸಿ, ಸೋತ ಕೈಗೆ ದಿನವೂ ಗಂಟೆಗಟ್ಟಲೆ, ವಾರಗಟ್ಟಲೆ ಕೆಲಸ ಕೊಡುತ್ತಾರೆ. ವಯಸ್ಕನು ಬಲ್ಲ ಕೈಯನ್ನು ಮರೆತಿರುತ್ತಾನೆ. ಮಗುವಾದರೋ ಅದನ್ನು ಕಲಿತೇ ಇರುವುದಿಲ್ಲ. ಆದ್ದರಿಂದ ಮಗುವಿಗೆ ಆಟವೇ ಪಾಠವಾಗಬೇಕು.

ಕೈ ಕಟ್ಟುವುದನ್ನು ಮಾತ್ರ ತಂದೆತಾಯಿಗಳು ತಾವೇ ಆರಂಭಿಸಕೂಡದು. ತಜ್ಞರ ಸಲಹೆ ಬೇಕು. ಎರಡೂ ಕೈಗಳ ಆಟವನ್ನು ಅಷ್ಟೇ ಹೊತ್ತು ಆಡಿಸಿದರೂ ಸರಿಸುಮಾರು ಅದೇ ಫಲವೆಂದು ಆಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದಕ್ಕೆ ಸಾಮಗ್ರಿ ಮನೆಯಲ್ಲೇ ಉಂಟು: ಶೇಂಗಾ ಸುಲಿಯುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಚಪಾತಿಯ ಹಿಟ್ಟು ನಾದುವುದು. ಖಾನಾಪುರವಂತೂ ಕುಂಬಾರಿಕೆಗೆ ಹೆಸರಾದ ಊರು. ಒಂದು ಮುದ್ದೆ ಮಣ್ಣು ಕೊಟ್ಟರೆ ಒಂದು ಕೈ ಹಿಡಿಯಲೇಬೇಕು, ಇನ್ನೊಂದು ತಿದ್ದಲೇಬೇಕು. ಎಣ್ಣೆ ತಿಕ್ಕಿದರೆ ಮಗುವಿಗೆ ಹಿತವಾದೀತು, ಆದರೆ ಕೈ ಏನನ್ನೂ ಕಲಿಯದು. ಮಗುವಿನ ಕೆಲಸವನ್ನೆಲ್ಲ ಮುದ್ದಿನಿಂದ ತಾವೇ ಮಾಡಿಕೊಡುವ ಮನೆಯವರು, ನನ್ನ ಅಭಿಪ್ರಾಯದಲ್ಲಿ, ಎಣ್ಣೆಗಿಂತ ದೊಡ್ಡ ಅಡ್ಡಿ.

ನಂದಗಡದಿಂದ ಖಾನಾಪುರ, ಅಲ್ಲಿಂದ ಬೆಳಗಾವಿ. ಕೂಲಿಯವರಿಗೆ ಒಂದು ದಿನದ ಗಳಿಕೆ ಹೋದಂತೆಯೇ. ವಾರವಾರವೂ ಬನ್ನಿರೆನ್ನುವುದು ಸುಲಭ, ಬರುವುದು ಕಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಮುಷ್ಟಿ ಬಿಗಿದ ಆ ಕೈಯನ್ನು ಅಂದೇ ಮುಂದಿಟ್ಟು ತೋರಿಸಬಹುದು. ಬೆಳಗಾವಿಯ ತಜ್ಞರಿಂದ ಕ್ರಮವನ್ನು ಕಲಿತುಬಂದ ತಾಯಿ ಅಡುಗೆಮನೆಯಲ್ಲಿಯೇ ಅಭ್ಯಾಸ ಮಾಡಿಸಬಲ್ಲಳು. ನಡುನಡುವೆ ಹೋಗಿ ತೋರಿಸಿ ಬಂದರಾಯಿತು.

ಸೋತ ಕೈ ಗಟ್ಟಿ ಕೈಯ ಸರಿಸಮವಾಗುವುದು ಅಪರೂಪ. ಆದರೆ ಬರೆಯುವಾಗ ಪಾಟಿ ಜಾರದಂತೆ ಒತ್ತಿ ಹಿಡಿದೀತು, ಅಂಗಿಯ ಗುಂಡಿ ಹಾಕುವಾಗ ನೆರವಾದೀತು.