ಒಂದೇ ತಾಮ್ರ, ಎರಡು ಮುದ್ರೆ

ಹಳೆಯ ತಾಮ್ರದ ನಾಣ್ಯವೊಂದು ಕೈಗೆ ಸಿಕ್ಕಿದಾಗ ನಾವೆಲ್ಲರೂ ಮೊದಲು ಹುಡುಕುವುದು ಅದರ ಮೇಲಿನ ಅಂಕಿಯನ್ನು. ಕೆಲವು ನಾಣ್ಯಗಳಲ್ಲಿ ಮೂಲ ಅಚ್ಚಿನ ಮೇಲೆಯೇ ಮತ್ತೊಂದು ಚಿಕ್ಕ ಮುದ್ರೆ ಒತ್ತಿರುವುದು ಕಾಣುತ್ತದೆ. ಇದನ್ನು ಮರುಮುದ್ರೆ ಎನ್ನಬಹುದು. ನಾಣ್ಯವನ್ನು ಕರಗಿಸಿ ಹೊಸದಾಗಿ ಟಂಕಿಸಲು ಕುಲುಮೆ, ಇಂಧನ, ಕಾಲ ಎಲ್ಲವೂ ಬೇಕು. ಮರುಮುದ್ರೆಗೆ ಉಕ್ಕಿನ ಅಚ್ಚು ಮತ್ತು ಒಂದು ಬಲವಾದ ಪೆಟ್ಟು ಸಾಕು.

ಇದಕ್ಕೆ ಬ್ರೆಜಿಲ್ ದೇಶದ ನಾಣ್ಯಗಳು ಉತ್ತಮ ನಿದರ್ಶನ. ಗೋವೆಯನ್ನು 1961ರವರೆಗೆ ಆಳಿದ ಪೋರ್ಚುಗಲ್‌ಗೆ ಬ್ರೆಜಿಲ್ ಕೂಡ ವಸಾಹತಾಗಿತ್ತು. ನೆಪೋಲಿಯನ್ನನ ಸೇನೆಗೆ ಅಂಜಿ ಹೊರಟ ಪೋರ್ಚುಗಲ್ ರಾಜಪರಿವಾರವು 1808ರಲ್ಲಿ ಅಲ್ಲಿಗೆ ಬಂದು ನೆಲೆಸಿತು. ಅದಕ್ಕೆ ಮುನ್ನವೇ ಅಲ್ಲಿನ ತಾಮ್ರದ ನಾಣ್ಯಗಳ ತೂಕವನ್ನು ಅರ್ಧಕ್ಕೆ ಇಳಿಸಲಾಗಿತ್ತು. ಹೀಗಾಗಿ ಹಳೆಯ 40 ರೇಯ್ಸ್ ನಾಣ್ಯದಲ್ಲಿ ಹೊಸ 80 ರೇಯ್ಸ್‌ನಷ್ಟು ತಾಮ್ರವಿತ್ತು. ಈ ವ್ಯತ್ಯಾಸವನ್ನು ಸರಿಪಡಿಸಲು 1809ರಲ್ಲಿ ಹಳೆಯ ನಾಣ್ಯಗಳ ಮೇಲೆ ಕಿರೀಟವುಳ್ಳ ಗುರಾಣಿಯ ಮುದ್ರೆಯನ್ನು ಒತ್ತಿ, ಬೆಲೆಯನ್ನು ಇಮ್ಮಡಿಗೊಳಿಸಲಾಯಿತು.

1822ರಲ್ಲಿ ಬ್ರೆಜಿಲ್ ಸ್ವತಂತ್ರವಾಯಿತು. ಹೊಸ ಸರ್ಕಾರವು ಲೋಹದ ಬೆಲೆಗಿಂತ ಬಹಳ ಹೆಚ್ಚಿನ ಮುಖಬೆಲೆಯ ತಾಮ್ರದ ನಾಣ್ಯಗಳನ್ನು ಹೇರಳವಾಗಿ ಹೊರತಂದಿತು. ಅಗ್ಗದ ಲೋಹಕ್ಕೆ ದುಬಾರಿ ಅಂಕಿ ಎಂದಮೇಲೆ ಖೋಟಾ ನಾಣ್ಯಗಳು ಹಬ್ಬಲು ತಡವಾಗಲಿಲ್ಲ. ಕೊನೆಗೆ 1835ರ ಕಾನೂನಿನಂತೆ ಮತ್ತೆ ಮುದ್ರೆ ಒತ್ತಲಾಯಿತು. ಈ ಬಾರಿ ಬೆಲೆ ಇಳಿಸುವುದಕ್ಕೆ. 80 ಇದ್ದದ್ದು 40 ಆಯಿತು, 40 ಇದ್ದದ್ದು 20 ಆಯಿತು.

ನಾಣ್ಯದೊಳಗಿನ ತಾಮ್ರ ಎರಡು ಸಲವೂ ಇದ್ದಷ್ಟೇ ಇತ್ತು. ಬದಲಾದದ್ದು ಮೇಲಿನ ಗುರುತು ಮಾತ್ರ. ಆದರೆ ತಾಮ್ರವು ಬಡವರ ದಿನಬಳಕೆಯ ಹಣ. ಗಂಟಿನಲ್ಲಿ ಕೂಡಿಟ್ಟ ಚಿಲ್ಲರೆಯ ಲೆಕ್ಕ ಒಂದು ಪೆಟ್ಟಿಗೆ ಅರ್ಧವಾದರೆ ಆ ಮನೆಯ ಪಾಡೇನು? ಇತಿಹಾಸದ ಪಾಠವನ್ನು ಕಲಿಸುವಾಗ ನಾವು ಮಕ್ಕಳ ಮುಂದಿಡಬೇಕಾದ ಪ್ರಶ್ನೆ ಇದು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಹಳೆಯ ತಾಮ್ರದ ಕಾಸುಗಳಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಸೂಕ್ಷ್ಮ ಗುರುತುಗಳು ಸವೆದುಹೋಗುತ್ತವೆ. ಅವುಗಳ ಮೇಲೆ ತೆಳು ಕಾಗದವಿಟ್ಟು ಮಕ್ಕಳಿಂದ ಪೆನ್ಸಿಲ್ ಉಜ್ಜಿಸಿ, ಅಚ್ಚನ್ನು ಮೂಡಿಸಿ. ಮೇಲೆ ಇನ್ನೊಂದು ಮುದ್ರೆ ಕಂಡರೆ ನಾಣ್ಯವನ್ನು ಹೊರಳಿಸಿ ನೋಡಲು ಹೇಳಿ. ಪೆಟ್ಟು ಬಿದ್ದ ಜಾಗದ ಹಿಂಬದಿಯಲ್ಲಿ ಹಳೆಯ ಅಚ್ಚು ಚಪ್ಪಟೆಯಾಗಿರುವುದು ಸಾಮಾನ್ಯ. ಆ ಮುದ್ರೆಯನ್ನು ಯಾರು ಒತ್ತಿದರು, ಅದರಿಂದ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂದು ಮಗುವೇ ಕೇಳಲಿ.