ಮಿದುಳಿನ ಪರಿಚಾರಕ ಕೋಶಗಳೂ ಮನಸ್ಸಿನ ವ್ಯಾಧಿಗಳೂ

ಹೆಪಟೈಟಿಸ್-ಸಿ ಎಂಬ ಯಕೃತ್ತಿನ ಸೋಂಕಿಗೆ ಈಗಿನ ಮಾತ್ರೆಗಳು ಬರುವುದಕ್ಕೆ ಮುಂಚೆ ವೈದ್ಯರು ಇಂಟರ್‌ಫೆರಾನ್ ಆಲ್ಫಾ ಎಂಬ ಪ್ರೋಟೀನನ್ನು ತಿಂಗಳುಗಟ್ಟಲೆ ಚುಚ್ಚುಮದ್ದಾಗಿ ಕೊಡುತ್ತಿದ್ದರು. ವೈರಸ್ಸು ಹೊಕ್ಕಾಗ ನಮ್ಮ ಶರೀರವು ತಾನಾಗಿಯೇ ಹೊರಡಿಸುವ ಎಚ್ಚರಿಕೆಯ ಸಂಕೇತವದು. ಅದನ್ನು ಹೊರಗಿನಿಂದ ಹೇರಳವಾಗಿ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವುದು ಆ ಚಿಕಿತ್ಸೆಯ ಉದ್ದೇಶವಾಗಿದ್ದಿತು. ಆದರೆ ಅದನ್ನು ಪಡೆದವರಲ್ಲಿ ಸರಿಸುಮಾರು ಮೂವರಿಗೊಬ್ಬರಂತೆ, ಅದುವರೆಗೆ ಮನೋವ್ಯಾಧಿಯ ಸೋಂಕನ್ನೇ ಅರಿಯದಿದ್ದವರೂ ಕೂಡ, ಕೆಲವು ವಾರಗಳೊಳಗಾಗಿ ನಿದ್ರೆಯನ್ನು ಕಳೆದುಕೊಂಡು, ಹೆಂಡತಿ ಮಕ್ಕಳ ಮೇಲಣ ಆಸ್ಥೆಯನ್ನು ಕಳೆದುಕೊಂಡು, ಬದುಕೇ ಬೇಡವೆನ್ನುವ ಗಾಢವಾದ ಖಿನ್ನತೆಗೆ ಇಳಿಯುತ್ತಿದ್ದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವೈದ್ಯರು ೨೦೦೧ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಚರ್ಮದ ಕ್ಯಾನ್ಸರಿಗಾಗಿ ಇದೇ ಔಷಧವನ್ನು ಪಡೆಯಲಿದ್ದ ೪೦ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮುಂಗಡವಾಗಿ ಖಿನ್ನತೆಯ ಮಾತ್ರೆಯನ್ನೂ ಉಳಿದವರಿಗೆ ಬರಿಯ ಹುಸಿಗುಳಿಗೆಯನ್ನೂ ಕೊಟ್ಟು ನೋಡಲಾಗಿ, ಹುಸಿಗುಳಿಗೆಯವರಲ್ಲಿ ನೂರಕ್ಕೆ ೪೫ರಷ್ಟು ಮಂದಿಯೂ ಮಾತ್ರೆಯವರಲ್ಲಿ ನೂರಕ್ಕೆ ೧೧ರಷ್ಟು ಮಂದಿಯೂ ಖಿನ್ನತೆಗೊಳಗಾದರು. ಬಂಧುವಿಯೋಗವೋ ಅಪಮಾನವೋ ಈ ಅಂತರಕ್ಕೆ ಕಾರಣವೆನ್ನಲಾಗದು. ಔಷಧವನ್ನು ಪಡೆದ ಇಬ್ಬಣದವರ ನಡುವಣ ಅಂತರವು ಮನೋಬಲದ ಅಂತರವೆಂದು ಹೇಳುವುದಕ್ಕೂ ಆಸ್ಪದವಿಲ್ಲ. ಮನೋದೌರ್ಬಲ್ಯವೆಂದು ಖಿನ್ನರನ್ನು ಹಳಿಯುವವರು ಈ ಪ್ರಯೋಗವನ್ನು ಒಮ್ಮೆ ಸಾವಧಾನವಾಗಿ ಪರ್ಯಾಲೋಚಿಸಬೇಕು.

ಜ್ವರ ಬಂದವನು ಅನ್ನವನ್ನು ಒಲ್ಲೆನೆನ್ನುವುದು, ಕಂಬಳಿ ಹೊದ್ದು ಗೋಡೆಯತ್ತ ಮುಖ ಮಾಡಿ ಮಲಗುವುದು, ಮಾತನಾಡಿಸಬಂದವರ ಮೇಲೆ ಸಿಡಿಮಿಡಿಗೊಳ್ಳುವುದು ನಮಗೆಲ್ಲ ಪರಿಚಿತವಾದ ಸಂಗತಿ. ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ಎಂಬಾತನು ೧೯೮೮ರಲ್ಲಿ, ಇದು ರೋಗದಿಂದಾದ ಬರಿಯ ಬಳಲಿಕೆಯಾಗಿರದೆ, ಸೋಂಕಿನೊಡನೆ ಹೋರಾಡುವುದಕ್ಕಾಗಿ ಶಕ್ತಿಯನ್ನು ಉಳಿತಾಯಮಾಡಲು ಮಿದುಳೇ ಏರ್ಪಡಿಸುವ ಒಂದು ವ್ಯವಸ್ಥಿತ ವರ್ತನೆಯೆಂದು ವಾದಿಸಿದನು. ಸೋಂಕನ್ನು ಕಂಡ ರಕ್ಷಕಕೋಶಗಳು ಸೈಟೋಕೈನುಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಹೊರಸೂಸುವುವು. ಆ ಸಂದೇಶವು ಕರುಳು ಹೃದಯಗಳಿಂದ ಮೇಲೇರುವ ವೇಗಸ್ ನರದ ಮೂಲಕವೂ, ಮಿದುಳಿನ ರಕ್ತನಾಳಗಳ ಒಳಪದರದ ಮೂಲಕವೂ ತಲೆಬುರುಡೆಯೊಳಕ್ಕೆ ತಲಪುವುದು. ನಾಲ್ಕು ದಿನಗಳ ಜ್ವರದಲ್ಲಿ ಹಿತಕರವಾದ ಈ ವರ್ತನೆ, ಸಂಕೇತವು ತಿಂಗಳುಗಟ್ಟಲೆ ನಿಲ್ಲದೆ ಬರುತ್ತಿದ್ದರೆ ಕೆಲವರಲ್ಲಿ ವ್ಯಾಧಿಯಾಗಿ ಪರಿಣಮಿಸುವುದು. ಹಾಗಾದರೆ ತಲೆಬುರುಡೆಯ ಒಳಗೆ ಆ ಸಂದೇಶವನ್ನು ಕೇಳಿಸಿಕೊಳ್ಳುವವರು ಯಾರು?

ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದೂ, ಹೆಚ್ಚುಕಡಮೆ ಅಷ್ಟೇ ಸಂಖ್ಯೆಯ ಇತರ ಕೋಶಗಳಿವೆಯೆಂದೂ ಈಗಿನ ಎಣಿಕೆ. ಈ ಇತರರಲ್ಲಿ ಬಹುಭಾಗ ಗ್ಲಿಯಾ ಕೋಶಗಳು. ವಿದ್ಯುತ್ಸಂಕೇತಗಳನ್ನು ನರಕೋಶಗಳಂತೆ ಹಾಯಿಸಲಾರದ ಕಾರಣ ಅವನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ವಿಜ್ಞಾನವು ಕೇವಲ ಆಸರೆಯ ಸಾಮಗ್ರಿಯೆಂದು ಬಗೆದಿದ್ದಿತು. ಅವುಗಳಲ್ಲಿ ಅತ್ಯಂತ ಸಣ್ಣವಾಗಿದ್ದು, ಮೇಲೆ ಹೇಳಿದ ಸಂದೇಶವನ್ನು ಕೇಳಿಸಿಕೊಳ್ಳುವ ಮೈಕ್ರೋಗ್ಲಿಯಾ ಕೋಶಗಳನ್ನು ಪ್ರತ್ಯೇಕವಾಗಿ ಗುರುತಿಸಿ ತೋರಿಸಿದವನು ಪಿಯೊ ದೆಲ್ ರಿಯೊ ಒರ್ತೇಗ ಎಂಬ ಸ್ಪೇನಿನ ವಿಜ್ಞಾನಿ. ೧೮೮೨ರಲ್ಲಿ ವಯಾದೊಲಿದ್ ಪ್ರಾಂತದ ಪೋರ್ತಿಯೊ ಎಂಬ ಊರಿನಲ್ಲಿ ಜನಿಸಿದ ಈತನು ಮಾದ್ರಿದಿನಲ್ಲಿ ಪ್ರಸಿದ್ಧ ನರವಿಜ್ಞಾನಿ ಕಾಹಾಲನ ಸಹವಾಸದಲ್ಲಿ ಕೆಲಸಮಾಡುತ್ತ, ಬೆಳ್ಳಿಯ ಕಾರ್ಬೊನೇಟನ್ನು ಬಳಸಿ ಅಂಗಾಂಶಕ್ಕೆ ವರ್ಣವೇರಿಸುವ ಹೊಸ ವಿಧಾನವನ್ನು ಕಂಡುಹಿಡಿದು, ಅದರ ಸಹಾಯದಿಂದ ೧೯೧೯ರಲ್ಲಿ ಈ ಕೋಶಗಳನ್ನು ಲೋಕಕ್ಕೆ ಪರಿಚಯಿಸಿದನು. ಇವು ಮಿದುಳಿನ ಸ್ವಂತ ಸಂತಾನವಲ್ಲ, ಭ್ರೂಣಾವಸ್ಥೆಯಲ್ಲಿ ಹೊರಗಿನಿಂದ ಬಂದು ನೆಲಸಿದ ವಲಸಿಗರು. ಶಾಂತಕಾಲದಲ್ಲಿ ಕವಲುಕವಲಾಗಿ ತೋಳು ಚಾಚಿಕೊಂಡಿದ್ದು, ಗಾಯವಾದಾಗ ಕವಲುಗಳನ್ನು ಒಳಗೆಳೆದುಕೊಂಡು ದುಂಡಗಾಗಿ ಕಸವನ್ನು ನುಂಗುವುವು: ಇವಿಷ್ಟನ್ನೂ ಆತನು ಸತ್ತ ಅಂಗಾಂಶದ ತೆಳುಪದರಗಳನ್ನು ಮಾತ್ರ ನೋಡಿ ಊಹಿಸಿದನೆಂಬುದು ನನಗೆ ಇಂದಿಗೂ ವಿಸ್ಮಯಕರವಾಗಿ ತೋರುವುದು. ಮರುವರ್ಷವೇ ಕಾಹಾಲನೊಡನೆ ಮನಸ್ತಾಪವಾಗಿ ಆತನು ಆ ಪ್ರಯೋಗಶಾಲೆಯಿಂದ ಹೊರಬೀಳಬೇಕಾಯಿತು. ಮುಂದೆ ಸ್ಪೇನಿನ ಅಂತರ್ಯುದ್ಧವು ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿ, ಪ್ಯಾರಿಸ್ ಆಕ್ಸ್‌ಫರ್ಡ್‌ಗಳನ್ನು ದಾಟಿಸಿ, ೧೯೪೫ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಕೊನೆಯುಸಿರೆಳೆಯುವಂತೆ ಮಾಡಿತು. ಭ್ರೂಣದ ಹೊರಗಣ ಅಂಡಪೀತಕೋಶದಿಂದ ಈ ಕೋಶಗಳು ಹೊರಟು ಮಿದುಳನ್ನು ಸೇರುವುದು ಇಲಿಗಳಲ್ಲಿ ನಿಸ್ಸಂದೇಹವಾಗಿ ಸ್ಥಾಪಿತವಾದದ್ದು ೨೦೧೦ರಲ್ಲಿ.

ಅದಕ್ಕೆ ಐದು ವರ್ಷಗಳ ಹಿಂದೆ, ಜೀವಂತ ಇಲಿಯ ತಲೆಬುರುಡೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ವಿಶೇಷವಾದ ಲೇಸರ್ ಸೂಕ್ಷ್ಮದರ್ಶಕದ ಮೂಲಕ ನೋಡಿದ ಎರಡು ತಂಡಗಳ ವಿಜ್ಞಾನಿಗಳು, ವಿಶ್ರಾಂತಿಯಲ್ಲಿವೆಯೆಂದು ತಿಳಿದಿದ್ದ ಮೈಕ್ರೋಗ್ಲಿಯಾ ಕೋಶಗಳು ಕ್ಷಣಮಾತ್ರವೂ ಸುಮ್ಮನಿರದೆ ತಮ್ಮ ಕವಲುಗಳನ್ನು ಚಾಚುತ್ತ ಹಿಂದೆಗೆಯುತ್ತ ಸುತ್ತಣ ಪ್ರದೇಶವನ್ನು ತಡವಿ ನೋಡುತ್ತಿರುವುದನ್ನು ಪ್ರತ್ಯಕ್ಷವಾಗಿ ಕಂಡರು. ಕೆಲವು ಗಂಟೆಗಳೊಳಗೆ ಮಿದುಳಿನ ಮೂಲೆಮೂಲೆಯೂ ಹೀಗೆ ಒಮ್ಮೆ ಪರಿಶೀಲಿತವಾಗುವುದು. ಲೇಸರಿನಿಂದ ಸಣ್ಣ ಗಾಯವೊಂದನ್ನು ಮಾಡಿದರೆ ಸಮೀಪದ ಕವಲುಗಳೆಲ್ಲ ಕೆಲವೇ ನಿಮಿಷಗಳಲ್ಲಿ ಅತ್ತ ಚಾಚಿಕೊಂಡು ಅದನ್ನು ಸುತ್ತುಗಟ್ಟುವುವು.

ಈ ಕಾವಲಿಗಿಂತಲೂ ಮಹತ್ತರವಾದ ಇನ್ನೊಂದು ಕಾರ್ಯವು ಇವಕ್ಕೆ ಉಂಟೆಂಬುದು ಬೋಸ್ಟನ್ ನಗರದ ಬೆತ್ ಸ್ಟೀವನ್ಸ್ ಎಂಬ ವಿದುಷಿಯ ಸಂಶೋಧನೆಗಳಿಂದ ವೇದ್ಯವಾಯಿತು. ಬಾಲ್ಯದಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಎಷ್ಟೋ ಅಧಿಕವಾದ ಸಂಧಿಗಳು ಏರ್ಪಟ್ಟಿರುವುವು. ದಟ್ಟವಾಗಿ ಹುಟ್ಟಿದ ರಾಗಿಯ ಪೈರಿನ ನಡುವೆ ರೈತನು ಕುಂಟೆ ಹಾಯಿಸಿ ಅದನ್ನು ತೆಳುವು ಮಾಡುವಂತೆ, ಬಳಕೆಯಿಲ್ಲದ ಸಂಧಿಗಳನ್ನು ತೆಗೆದುಹಾಕಿ ಬಳಕೆಯಲ್ಲಿರುವುವನ್ನು ಬಲಪಡಿಸಿದ ಹೊರತು ಮಿದುಳು ಪ್ರೌಢವಾಗಲಾರದು. ಈ ಕೆಲಸದಲ್ಲಿ, ರಕ್ತದಲ್ಲಿ ರೋಗಾಣುಗಳಿಗೆ ಗುರುತು ಹಚ್ಚುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪೇ ಬೇಡವಾದ ಸಂಧಿಗಳಿಗೂ ಗುರುತು ಹಚ್ಚುವುದೆಂದು ಆಕೆಯೂ ಆಕೆಯ ಗುರು ಬೆನ್ ಬಾರೆಸ್ ಎಂಬಾತನೂ ೨೦೦೭ರಲ್ಲಿ ತೋರಿಸಿದರು. ಹಾಗೆ ಗುರುತು ಹತ್ತಿದ ಸಂಧಿಗಳನ್ನು ಮೈಕ್ರೋಗ್ಲಿಯಾ ನುಂಗುವುದೆಂಬುದು ೨೦೧೨ರಲ್ಲಿ ಸ್ಪಷ್ಟವಾಯಿತು. ಹೊರಗಿನ ಶತ್ರುವಿಗಾಗಿ ನಿರ್ಮಿತವಾದ ಆಯುಧವನ್ನೇ ಪ್ರಕೃತಿಯು ಮನಸ್ಸಿನ ನಿರ್ಮಾಣಕ್ಕೂ ಉಪಯೋಗಿಸಿಕೊಂಡಿರುವುದನ್ನು ತಿಳಿದಾಗ, ದೇಹದ ರೋಗ ಬೇರೆ ಮನಸ್ಸಿನ ರೋಗ ಬೇರೆ ಎಂಬ ನಮ್ಮ ವಿಂಗಡಣೆಯು ಎಷ್ಟು ಅಸಮರ್ಪಕವೆಂಬುದು ಅರಿವಾಗದಿರದು.

ಸ್ಕಿಜೋಫ್ರೀನಿಯಾ ವ್ಯಾಧಿಯು ಬಹುಮಟ್ಟಿಗೆ ಹದಿಹರೆಯದ ಅಂತ್ಯದಲ್ಲಿ, ಅಂದರೆ ಮಿದುಳಿನ ಮುಂಭಾಗದಲ್ಲಿ ಈ ತೆಳುವು ಮಾಡುವ ಕಾರ್ಯವು ನಡೆಯುತ್ತಿರುವ ವಯಸ್ಸಿನಲ್ಲಿಯೇ, ತಲೆದೋರುವುದೆಂಬುದೂ, ಆ ರೋಗಿಗಳ ಮಿದುಳಿನ ಹೊರಪದರವು ತೆಳುವಾಗಿರುವುದೆಂಬುದೂ ಮೊದಲಿನಿಂದ ತಿಳಿದಿದ್ದ ವಿಷಯ. ೨೦೧೪ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನವು ಈ ವ್ಯಾಧಿಗೆ ಸಂಬಂಧಪಟ್ಟ ೧೦೮ ಸ್ಥಾನಗಳನ್ನು ವರ್ಣತಂತುಗಳಲ್ಲಿ ಗುರುತಿಸಿದಾಗ, ಅವೆಲ್ಲಕ್ಕಿಂತ ಪ್ರಬಲವಾದ ಸುಳಿವು ಆರನೆಯ ವರ್ಣತಂತುವಿನಲ್ಲಿ, ರೋಗನಿರೋಧಕ ಜೀನುಗಳು ಕಿಕ್ಕಿರಿದಿರುವ ಭಾಗದಲ್ಲಿ ದೊರೆಯಿತು. ಎರಡು ವರ್ಷಗಳ ತರುವಾಯ ಅಶ್ವಿನ್ ಶೇಖರ್, ಸ್ಟೀವನ್ ಮೆಕ್ಯಾರಲ್, ಬೆತ್ ಸ್ಟೀವನ್ಸ್ ಮೊದಲಾದವರು ಅಲ್ಲಿನ ಸುಳಿವಿನ ಒಂದು ಪ್ರಧಾನಾಂಶವು ಸಿ-ನಾಲ್ಕು ಎಂಬ ಕಾಂಪ್ಲಿಮೆಂಟ್ ಪ್ರೋಟೀನಿನ ಜೀನೆಂದೂ, ಯಾರ ಮಿದುಳಿನಲ್ಲಿ ಅದರ ಒಂದು ರೂಪವು ಅಧಿಕವಾಗಿ ಉತ್ಪತ್ತಿಯಾಗುವುದೋ ಅವರಿಗೆ ಈ ವ್ಯಾಧಿಯ ಸಂಭವವು ಹೆಚ್ಚೆಂದೂ ಸಾಧಿಸಿದರು. ಆದರೆ ಹೀಗೆ ಹೆಚ್ಚುವ ಸಂಭವವು ಅಲ್ಪಪ್ರಮಾಣದ್ದೇ ಆಗಿದೆ. ಆ ರೂಪವು ಅಧಿಕವಾಗಿ ಉತ್ಪತ್ತಿಯಾಗುವವರಲ್ಲಿಯೂ ಬಹುತೇಕ ಎಲ್ಲರೂ ಆರೋಗ್ಯವಂತರಾಗಿಯೇ ಬಾಳುವರು. ಆದುದರಿಂದ ಇದನ್ನು ಕುಲದ ಕಳಂಕವೆಂದು ಯಾರೂ ಹೆಣ್ಣುಗಂಡುಗಳ ಸಂಬಂಧ ಕೂಡಿಸುವಲ್ಲಿ ಎತ್ತಿ ಆಡಬಾರದು.

ಗ್ಲಿಯಾ ಕೋಶಗಳೆಲ್ಲ ಉರಿಯೂತಕ್ಕಾಗಿಯೇ, ಎಂದರೆ ಸೋಂಕು ಗಾಯಗಳಿಗೆ ಶರೀರವು ತೋರುವ ರಕ್ಷಣೆಯ ಪ್ರತಿಕ್ರಿಯೆಗಾಗಿಯೇ, ಇರುವುವಲ್ಲ. ನಕ್ಷತ್ರಾಕಾರದ ಆಸ್ಟ್ರೋಸೈಟುಗಳು ನರಸಂಧಿಗಳಲ್ಲಿ ಉಳಿದ ಗ್ಲುಟಮೇಟ್ ಎಂಬ ಪ್ರಚೋದಕ ರಾಸಾಯನಿಕವನ್ನು ಹೀರಿಕೊಂಡು ಅತಿಪ್ರಚೋದನೆಯನ್ನು ತಪ್ಪಿಸುವುವು. ಆಲಿಗೋಡೆಂಡ್ರೋಸೈಟುಗಳು ನರತಂತುಗಳಿಗೆ ಮೈಲಿನಿನ ಹೊದಿಕೆಯನ್ನು ಸುತ್ತುವುವು. ವಂಶದಲ್ಲಿ ಹರಿದುಬಂದ ಖಿನ್ನತೆಯಿಂದಲೋ ಉನ್ಮಾದ-ಖಿನ್ನತೆಯಿಂದಲೋ ನರಳಿ ಮೃತರಾದವರ ಮಿದುಳಿನ ಮುಂಭಾಗದ ಒಂದು ಸಣ್ಣ ಪ್ರದೇಶವನ್ನು ಪರೀಕ್ಷಿಸಿ ೧೯೯೮ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ವರದಿಮಾಡಿದಾಗ, ಅಲ್ಲಿ ನರಕೋಶಗಳ ಸಂಖ್ಯೆಯಲ್ಲಿ ಗಮನಾರ್ಹವಾದ ವ್ಯತ್ಯಾಸವಿಲ್ಲದೆ ಗ್ಲಿಯಾ ಕೋಶಗಳೇ ಕಡಮೆಯಾಗಿದ್ದುವು. ಸತ್ತವರ ಬಂಧುಗಳು ದುಃಖದ ಘಳಿಗೆಯಲ್ಲಿಯೂ ಮನಸ್ಸು ಮಾಡಿ ದಾನವಿತ್ತುದರಿಂದಲೇ ಇಂಥ ಜ್ಞಾನವು ಲಭ್ಯವಾಗುವುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಹೀಗೆ ದಾನವಾಗಿ ಬಂದ ಮಿದುಳುಗಳ ಭಂಡಾರವೊಂದಿರುವುದನ್ನು ಕನ್ನಡಿಗರು ಅರಿತಿರಬೇಕು.

ಉರಿಯೂತವೇ ಮೂಲವಾದರೆ ಅದನ್ನು ತಣಿಸಿದರಾಯಿತಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಈ ಆಶೆಯಿಂದ ನಡೆದ ಪರೀಕ್ಷೆಗಳ ಫಲವು ನಮ್ಮನ್ನು ತಾಳ್ಮೆಗೆ ಕರೆಯುವುದು. ಮೈಕ್ರೋಗ್ಲಿಯಾದ ಉದ್ರೇಕವನ್ನು ಇಳಿಸುವುದೆಂದು ನಂಬಲಾದ ಮಿನೊಸೈಕ್ಲಿನ್ ಎಂಬ ಔಷಧವನ್ನು ಬ್ರಿಟನ್ನಿನಲ್ಲಿ, ಸ್ಕಿಜೋಫ್ರೀನಿಯಾದ ಮೊದಲ ಹಂತದಲ್ಲಿದ್ದ ೨೦೭ ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ ಕೊಟ್ಟು ನೋಡಿದ ವೈದ್ಯರು, ಅದರಿಂದ ಪ್ರಯೋಜನವೇನೂ ಕಾಣಲಿಲ್ಲವೆಂದು ೨೦೧೮ರಲ್ಲಿ ತಿಳಿಸಿದರು. ಆಲ್‌ಝೈಮರ್ ಮರೆವಿನ ರೋಗವನ್ನು ತಡೆಯಲು ಉರಿಯೂತಶಾಮಕ ನೋವುಗುಳಿಗೆಗಳನ್ನು ಪ್ರಯೋಗಿಸಿದವರಿಗೂ ನಿರಾಶೆಯೇ ಕಾದಿದ್ದಿತು. ಇದರ ಕಾರಣವು ಆ ರೋಗದ ಜೀನುಗಳಲ್ಲಿಯೇ ಭಾಗಶಃ ಗೋಚರಿಸುವುದು: ಮೈಕ್ರೋಗ್ಲಿಯಾಕ್ಕೆ ಕಸವನ್ನು ಗುರುತಿಸಲು ನೆರವಾಗುವ ಟ್ರೆಮ್-ಎರಡು ಎಂಬ ಜೀನು ದೋಷಯುಕ್ತವಾದವರಿಗೆ ಆಲ್‌ಝೈಮರ್ ಸಂಭವವು ಸುಮಾರು ಮೂರುಪಟ್ಟು ಹೆಚ್ಚುವುದೆಂದು ೨೦೧೩ರಲ್ಲಿ ತಿಳಿದುಬಂದಿತು. ತಾಯಿಯಿಂದ ಬಂದ ಪ್ರತಿಯೂ ತಂದೆಯಿಂದ ಬಂದ ಪ್ರತಿಯೂ ಎರಡೂ ಕೆಟ್ಟವರಲ್ಲಿ ನಡುವಯಸ್ಸಿಗೇ ಎಲುಬುಗಳು ಮುರಿಯುವುದಲ್ಲದೆ ಬುದ್ಧಿಯೂ ಅಳಿಯುವ ವಿರಳವಾದ ವ್ಯಾಧಿಯೊಂದು ಉಂಟು. ಎಂದರೆ ಈ ಕೋಶಗಳ ಅತಿರೇಕವು ಹೇಗೋ ಹಾಗೆಯೇ ಅವುಗಳ ಅಶಕ್ತತೆಯೂ ಮಿದುಳಿಗೆ ಮಾರಕವಾದುದು.

ಎಮೊರಿಯ ವೈದ್ಯರೇ ೨೦೧೩ರಲ್ಲಿ ಇನ್ನೊಂದು ದಾರಿಯನ್ನು ತೋರಿದರು. ಯಾವ ಮಾತ್ರೆಗೂ ಬಗ್ಗದ ಖಿನ್ನತೆಯಿಂದ ನರಳುತ್ತಿದ್ದ ೬೦ ರೋಗಿಗಳ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರಬಲವಾದ ಉರಿಯೂತಶಾಮಕವನ್ನು ಪರೀಕ್ಷಿಸಲಾಗಿ, ಒಟ್ಟಾರೆ ನೋಡಿದರೆ ಹುಸಿಮದ್ದಿಗೂ ಅದಕ್ಕೂ ಭೇದವಿರಲಿಲ್ಲ. ಆದರೆ ರಕ್ತದಲ್ಲಿ ಸಿ-ಆರ್-ಪಿ ಎಂಬ ಉರಿಯೂತಸೂಚಕವು ಲೀಟರಿಗೆ ೫ ಮಿಲಿಗ್ರಾಮಿಗಿಂತ ಹೆಚ್ಚಾಗಿದ್ದವರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಅವರಲ್ಲಿ ಉಪಶಮನವು ತೋರಿತು, ಕಡಮೆಯಿದ್ದವರಿಗೆ ಹುಸಿಮದ್ದೇ ಮೇಲಾಗಿತ್ತು. ಖಿನ್ನರೆಲ್ಲರ ಮಿದುಳೂ ಉರಿಯುತ್ತಿರುವುದಿಲ್ಲ. ಯಾರದು, ಯಾವ ಅವಸ್ಥೆಯಲ್ಲಿ ಎಂಬುದನ್ನು ವಿಚಾರಿಸದೆ ಎಲ್ಲರಿಗೂ ಒಂದೇ ಮದ್ದನ್ನು ಕೊಡುವುದು ವೈದ್ಯಶಾಸ್ತ್ರದ ಮಾರ್ಗವಾಗಲಾರದು. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಬಿಸುಟು, ಉರಿಯೂತವನ್ನು ಕಳೆವುದೆಂದು ಹೆಸರಿಟ್ಟು ಮಾರುವ ಪುಡಿಗಳನ್ನು ನೆಚ್ಚುವವರಿಗೆ ಇದನ್ನು ಕೈಮುಗಿದು ಹೇಳಬೇಕೆನಿಸುವುದು.

ರೋಗನಿರೋಧಕ ವ್ಯವಸ್ಥೆಯ ತಪ್ಪೇ ನೇರವಾಗಿ ಉನ್ಮಾದಕ್ಕೆ ಕಾರಣವಾಗಿ, ಅದನ್ನು ಸರಿಪಡಿಸಿದರೆ ಬಹುಮಂದಿಯಲ್ಲಿ ಮನಸ್ಸು ಕ್ರಮೇಣ ಮರಳಿ ಬರುವ ಒಂದು ವ್ಯಾಧಿಯಾದರೋ ಈಗ ನಿಶ್ಚಿತವಾಗಿ ತಿಳಿದಿದೆ. ಜೋಸೆಪ್ ದಲ್ಮಾವು ಎಂಬ ಕತಲಾನ್ ವೈದ್ಯನೂ ಆತನ ಸಹೋದ್ಯೋಗಿಗಳೂ ೨೦೦೭ರಲ್ಲಿ ವಿವರಿಸಿದ ಇದರಲ್ಲಿ, ನರಸಂಧಿಯ ಎನ್-ಎಂ-ಡಿ-ಎ ಗ್ರಾಹಕಗಳ ಮೇಲೆ ಶರೀರದ ಪ್ರತಿಕಾಯಗಳೇ ಎರಗಿ ಅವನ್ನು ಅಲ್ಲಿಂದ ತೆಗೆದುಹಾಕುವುವು. ಗ್ಲಿಯಾದ ಪಾತ್ರವು ಇಲ್ಲಿ ಗೌಣವಾದರೂ ಪಾಠವು ಅದೇ. ರೋಗಿಗಳಲ್ಲಿ ಬಹುಮಂದಿ ಎಳೆಯ ಹೆಣ್ಣುಮಕ್ಕಳು. ಹಲವರ ಅಂಡಾಶಯದಲ್ಲಿ ಗಡ್ಡೆಯೊಂದು ಇರುವುದುಂಟು. ಸ್ಟೀರಾಯ್ಡು, ಇಮ್ಯುನೊಗ್ಲಾಬ್ಯುಲಿನ್ ಮುಂತಾದ ಚಿಕಿತ್ಸೆಗಳನ್ನೂ, ಗಡ್ಡೆಯಿದ್ದಲ್ಲಿ ಶಸ್ತ್ರಕ್ರಿಯೆಯನ್ನೂ ಕುರಿತು ೫೭೭ ರೋಗಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಎರಡು ವರ್ಷಗಳೊಳಗೆ ಐವರಲ್ಲಿ ನಾಲ್ವರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು, ಚಿಕಿತ್ಸೆ ಬೇಗನೆ ಮೊದಲಾದವರು ಇನ್ನೂ ಚೆನ್ನಾಗಿ. ಆದಕಾರಣ, ನೆನ್ನೆ ಮೊನ್ನೆಯವರೆಗೆ ಸರಿಯಾಗಿದ್ದ ಮಗಳು ಕೆಲವೇ ದಿನಗಳಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿ, ಬಳಿಕ ಮಾತೇ ನಿಂತು, ಫಿಟ್ಸು ಬಂದು, ಬಾಯಿ ಕೈಗಳು ತಮ್ಮಷ್ಟಕ್ಕೆ ತಾವೇ ಚಲಿಸುತ್ತ, ಜ್ವರವೋ ಪ್ರಜ್ಞಾಮಾಂದ್ಯವೋ ಕಾಣಿಸಿದರೆ, ಗ್ರಹಚಾರವೆಂದಾಗಲಿ ಹಟವೆಂದಾಗಲಿ ದಿನಗಳನ್ನು ಕಳೆಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಬೆನ್ನಿನ ನೀರನ್ನು ತೆಗೆದು ಪ್ರತಿಕಾಯಗಳಿಗಾಗಿ ಪರೀಕ್ಷಿಸಬೇಕೇ ಎಂದು ನರರೋಗತಜ್ಞರನ್ನು ಮನೆಯವರು ಧೈರ್ಯವಾಗಿ ಕೇಳಬೇಕು.